ನೇಯ್ದು ಮುಗಿಸಿದ ಮೇಲೆ

ಸೀರೆ ಮಗ್ಗದಿಂದ ಇಳಿದ ಕೂಡಲೇ ನೇಕಾರನ ಕೆಲಸ ಮುಗಿಯಿತೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ನೇಕಾರರೂ ಹಾಗೆಯೇ ತಿಳಿದಿದ್ದಾರೆ, ದುಃಖದ ಸಂಗತಿ ಅದು. ಗದ್ವಾಲ, ನಾರಾಯಣಪೇಟೆಗಳ ಮಗ್ಗಗಳ ಕಡೆ ಒಮ್ಮೆ ನೋಡಿದರೆ ಈ ತಿಳಿವಳಿಕೆಯಿಂದ ಎಷ್ಟು ನಷ್ಟವಾಗಿದೆಯೆಂದು ಗೊತ್ತಾಗುತ್ತದೆ.

ಈ ಊರುಗಳು ಕಾಸರಗೋಡಿನವರಾದ ನಮಗೆ ತೀರ ಪರಕೀಯವಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತಷ್ಟೆ? ಅದೇ ದಿನ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳನ್ನು ಬೇರ್ಪಡಿಸಿ ಆಂಧ್ರಕ್ಕೆ ಕೊಡಲಾಯಿತು. ರಾಯಚೂರಿನಿಂದ ಕೃಷ್ಣಾ ನದಿಯನ್ನು ದಾಟಿ ಮಹಬೂಬನಗರದ ದಾರಿ ಹಿಡಿದರೆ ಸಿಕ್ಕುವ ಮಕ್ತಲ್, ಅದರ ನೆರೆಯ ನಾರಾಯಣಪೇಟೆ, ಇವುಗಳ ಸುತ್ತಿನ ಗಡಿ ಹಳ್ಳಿಗಳಲ್ಲಿ ಕನ್ನಡದ ಮಾತು ಈಗಲೂ ಕೇಳಿಸುತ್ತದೆ. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲಾ ಕೇಂದ್ರಗಳಾದವು.

ಗದ್ವಾಲದ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆ ಜರಿಯದು. ಹೇಳುವುದು ಸುಲಭ, ಮಾಡುವುದು ಕಷ್ಟ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ನೇಯುತ್ತಲೇ ಒಂದರೊಳಗೊಂದು ಸಿಕ್ಕಿಸುತ್ತ ಹೋಗಬೇಕು. ಸೆರಗಿನ ಬಳಿ ಬಂದಾಗ ಹಾಸಿನ ಹತ್ತಿನೂಲಿಗೆ ರೇಷ್ಮೆಯ ನೂಲನ್ನು ಎಳೆ ಎಳೆಯಾಗಿ ಕೂಡಿಸಬೇಕು. ಈ ಸೀರೆಯನ್ನು ಮಡಚಿ ಬೆಂಕಿಪೆಟ್ಟಿಗೆಯಲ್ಲಿಡಬಹುದೆಂಬ ಮಾತು ಪ್ರಸಿದ್ಧ. ನಾರಾಯಣಪೇಟೆಯದು ಬೇರೊಂದು ಬಗೆ. ಅಲ್ಲಿ ಚೌಕುಳಿಯ ಒಡಲು, ದೇವಾಲಯದ ಗೋಪುರದಂಥ ಮೊನೆಗಳಿರುವ ಗಾಢವರ್ಣದ ಅಂಚು. ಮಗ್ಗಕ್ಕೆ ಒಮ್ಮೆಗೆ ಎಂಟು ಸೀರೆಗಳ ಹಾಸನ್ನು ಏರಿಸುವುದು ಅಲ್ಲಿನ ರೂಢಿ.

ಎಂಟೂ ಮುಗಿದವು ಎನ್ನಿ. ಕತ್ತರಿಸಿ, ಮಡಚಿ, ನೂಲು ಕೊಟ್ಟ ಸಾಹುಕಾರನಿಗೋ ಸಂಘಕ್ಕೋ ಒಪ್ಪಿಸಿ, ಕೂಲಿ ಎಣಿಸಿಕೊಂಡು ಮುಂದಿನ ಹಾಸಿಗೆ ಬೇಕಾದ ನೂಲನ್ನು ತಂದರಾಯಿತು. ಅಂಗಡಿಯಲ್ಲಿ ಸೀರೆಗೆ ಊರಿನ ಹೆಸರು ಉಳಿಯುತ್ತದೆ, ಅಂಗಡಿಯ ಹೆಸರು ಸೇರುತ್ತದೆ. ನೇಯ್ದ ಗಂಡಹೆಂಡಿರ ಹೆಸರು ಎಲ್ಲಿಯೂ ಇಲ್ಲ.

ಹೆಸರು ಬೇಡವೆನ್ನುವ ಕೆಲಸವೂ ಒಂದಿದೆ. ತಿರುಮಲದ ಬ್ರಹ್ಮೋತ್ಸವಕ್ಕಾಗಿ ಗದ್ವಾಲದಿಂದ ಪ್ರತಿವರ್ಷ ಪಂಚೆಗಳ ಜೋಡಿ ಹೋಗುತ್ತದೆ. ಇದು ಗದ್ವಾಲ ಸಂಸ್ಥಾನದ ಕಾಲದಿಂದ ನಡೆದು ಬಂದ ಸೇವೆ. ನೇಯುವವರು 41 ದಿನ ವ್ರತದಲ್ಲಿದ್ದು ನೇಯುತ್ತಾರೆ. ದೇವರಿಗೆ ಒಪ್ಪಿಸಿದ್ದಕ್ಕೆ ರುಜು ಯಾಕೆ ಎಂದರೆ ನಾನು ಮರುಮಾತಾಡಲಾರೆ. ಆದರೆ ಆ ವಿನಯವನ್ನೇ ಮಾರಾಟದ ಸೀರೆಗೂ ಅನ್ವಯಿಸುವುದು ಸಾಹುಕಾರನಿಗೆ ಅನುಕೂಲವೇ ಹೊರತು ದೇವರಿಗಲ್ಲ.

ದೇವರ ಗುಡಿಯಲ್ಲಿಯೂ ಹೆಸರು ಬರೆದವರು ನಮ್ಮಲ್ಲಿಯೇ ಇದ್ದರು. 1117ರ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದರು, ಅದೂ ಕೊಂಚ ಬಿರುದುಬಾವಲಿಗಳೊಂದಿಗೆ. ಮಲ್ಲಿತಮ್ಮನ ಹೆಸರು 1246ರ ನುಗ್ಗೇಹಳ್ಳಿಯಲ್ಲಿದೆ, ಸೋಮನಾಥಪುರದಲ್ಲಿಯೂ ಇದೆ. ಹೀಗಾಗಿ ಅವನ ಕೈ ಹೇಗೆ ಪಳಗಿತೆಂದು ಇಂದಿನ ವಿದ್ವಾಂಸರು ಗುಡಿಯಿಂದ ಗುಡಿಗೆ ಹೋಗಿ ಹೇಳಬಲ್ಲರು. ಊರೆಲ್ಲ ಹಾಡುವ ಜಕಣಾಚಾರಿಗೆ ಆ ಕಲ್ಲುಗಳಲ್ಲಿ ಒಂದು ಅಕ್ಷರವೂ ಇಲ್ಲ, ಕಥೆ ಮಾತ್ರ.

ಹಾಗಾದರೆ ನೇಕಾರ ಏನು ಮಾಡಬೇಕು? ಸೆರಗಿನ ಒಳತುದಿಯಲ್ಲಿ ಎರಡು ಬೆರಳಗಲ ಹೆಸರು, ಊರು, ಇಸವಿ ನೇಯುವುದಕ್ಕೆ ಯಾರ ಅಪ್ಪಣೆಯೂ ಬೇಡವೆಂದು ಹೇಳಬಹುದಿತ್ತು, ಆದರೆ ಕೂಲಿಗೆ ನೇಯುವವನಿಗೆ ಸಾಹುಕಾರನ ಅಪ್ಪಣೆ ಬೇಕು. ಸಂಘಗಳು ಇದನ್ನು ತಮ್ಮ ನಿಯಮವಾಗಿ ಮಾಡಿಕೊಂಡರೆ ಮಾತ್ರ ನಡೆದೀತು.

ಕಾಯಿದೆಯ ಸಹಾಯವೂ ಇದೆ. ಎರಡೂ ಊರುಗಳ ಸೀರೆಗಳಿಗೆ 1999ರ ಕಾಯಿದೆಯಂತೆ ಭೌಗೋಳಿಕ ಸೂಚಕ ದೊರೆತಿದೆ. ಬೇರೆಡೆ ತಯಾರಾದ ಬಟ್ಟೆಯನ್ನು ಗದ್ವಾಲದ್ದೆಂದು ಮಾರುವುದು ಅಪರಾಧ. ಆದರೆ ಆ ಹೆಸರನ್ನು ಬಳಸುವ ಹಕ್ಕುದಾರನಾಗಿ ನೇಕಾರನು ತನ್ನ ಹೆಸರನ್ನು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಇನ್ನು ಹೊಸ ವಿನ್ಯಾಸದ ಮಾತು. 2000ದ ಡಿಸೈನ್ ಕಾಯಿದೆಯಲ್ಲಿ ಅದಕ್ಕೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆಯಿದೆ. ಆದರೆ ಅರ್ಜಿ ಹಾಕುವ ಮೊದಲೇ ಸೀರೆ ಅಂಗಡಿಯ ಗಾಜಿನ ಹಿಂದೆ ತೂಗಿತೆಂದರೆ ಆ ವಿನ್ಯಾಸ ಹೊಸದೆನಿಸದು, ನೋಂದಣಿಯೂ ಸಿಕ್ಕದು. ಆದುದರಿಂದ ಮೊದಲು ಅರ್ಜಿ, ಆಮೇಲೆ ಅಂಗಡಿ. ತಲೆಮಾರುಗಳಿಂದ ಬಂದ ಗೋಪುರದ ಅಂಚು ಯಾರೊಬ್ಬನ ಸ್ವತ್ತೂ ಅಲ್ಲ, ಅದಕ್ಕೆ ಈ ದಾರಿ ಇಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಒಂದು ಲೆಕ್ಕದ ಪುಸ್ತಕ. ಹಾಸಿನ ಕೊನೆಯಲ್ಲಿ ಹೇಗೂ ತುಂಡು ಉಳಿಯುತ್ತದೆ. ಅದರಲ್ಲಿ ಅಂಗೈಯಗಲ ಕತ್ತರಿಸಿ ಪುಟಕ್ಕೆ ಹೊಲಿದು, ಪಕ್ಕದಲ್ಲಿ ನೂಲಿನ ನಂಬರು, ಬಣ್ಣದ ಪ್ರಮಾಣ, ಹಿಡಿದ ದಿನಗಳು, ಮನೆಯ ಯಾರು ಯಾರು ಕೈ ಹಾಕಿದರು, ಸಿಕ್ಕಿದ ಕೂಲಿ ಎಷ್ಟು ಎಂದು ಬರೆದಿಡಬೇಕು. ನೂಲು ಸುತ್ತಿದ ಹೆಂಡತಿಯ ಮತ್ತು ಮಕ್ಕಳ ದುಡಿಮೆ ಆ ಪುಟದಲ್ಲಾದರೂ ಕಾಣಲಿ. ಕೂಲಿಯ ಚೌಕಾಶಿಗೆ ಕುಳಿತಾಗ ಹತ್ತು ವರ್ಷದ ಇಂಥ ಪುಟಗಳಿದ್ದವನ ಮಾತು ಬರಿಗೈಯವನ ಮಾತಿನಂತಿರುವುದಿಲ್ಲ. ಅಜ್ಜನ ಕಾಲದ ಅಂಚೊಂದು ಮರಳಿ ಬೇಕಾದಾಗಲೂ ಹಳೇ ಸೀರೆಗಾಗಿ ಮನೆ ಮನೆ ಅಲೆಯಬೇಕಾಗಿಲ್ಲ.

ನಮ್ಮಲ್ಲಿಯೂ ಇದೇ ಕಥೆಯೇ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಅವನವೇ ಹೌದೋ ಅಲ್ಲವೋ ಎಂದು ಮುಳಿಯ ತಿಮ್ಮಪ್ಪಯ್ಯನವರಂಥವರೂ ಶಿವರಾಮ ಕಾರಂತರಂಥವರೂ ವಾದಿಸಬೇಕಾಯಿತು. ಕಾಸರಗೋಡು ಸೀರೆಗೂ ಭೌಗೋಳಿಕ ಸೂಚಕವಿದೆ. ಮುಂದಿನ ಸಲ ಓಣಂಗೋ ದೀಪಾವಳಿಗೋ ಅದನ್ನು ಕೊಳ್ಳಲು ಹೋದಾಗ ನೇಯ್ದವರು ಯಾರೆಂದು ವಿಚಾರಿಸಿ, ಬಿಲ್ಲಿನ ಬೆನ್ನಿಗೆ ಆ ಹೆಸರನ್ನು ಬರೆಸಿಕೊಳ್ಳಬಹುದು. ನಾಲ್ಕು ಮಂದಿ ಗಿರಾಕಿಗಳು ಕೇಳಿದರೆ ಐದನೆಯವರಿಗೆ ಅಂಗಡಿಯವರೇ ಬರೆದು ಕೊಟ್ಟಾರು.