ಬೀಗ ಬಿದ್ದ ಊರು, ಬಿಡುವಿಲ್ಲದ ಒಲೆ

2020ರ ಮಾರ್ಚ್ 25, ಬುಧವಾರ. ಶಾರ್ವರಿ ಸಂವತ್ಸರದ ಯುಗಾದಿ. ಹಿಂದಿನ ರಾತ್ರಿ ಪ್ರಧಾನಮಂತ್ರಿಗಳು ಸಾರಿದ 21 ದಿನಗಳ ಲಾಕ್‌ಡೌನ್ ಹಬ್ಬದ ದಿನದಿಂದಲೇ ಜಾರಿಗೆ ಬಂದಿತು. ರಾಜಾಜಿನಗರದ ನವರಂಗ್ ವೃತ್ತದಿಂದ ಕೆಂಗೇರಿ ಉಪನಗರದವರೆಗೆ ರಸ್ತೆಗಳೆಲ್ಲ ಬರಿದಾದುವು. ಹೋಳಿಗೆಯನ್ನು ಅಂಗಡಿಯಿಂದಲೇ ತರುವ ರೂಢಿಯಾಗಿದ್ದ ಎಷ್ಟೋ ಮನೆಗಳಲ್ಲಿ ಅಂದು ಬೇಳೆ ಬೇಯಿಸಿ ಹೂರಣ ರುಬ್ಬುವ ಕೆಲಸ ಮತ್ತೆ ಮನೆಯವರ ಪಾಲಿಗೆ ಬಂದಿತು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಗಾದೆ. ಆ ವರ್ಷ ರೋಗವೇ ಬಂದು ಊಟವನ್ನು ಕಲಿಸಿತು!

ಬೆಂಗಳೂರಿನ ಮಧ್ಯಮವರ್ಗದ ಊಟವೆಂದರೆ ಮನೆಯ ಅಡಿಗೆಯಷ್ಟೇ ಅಲ್ಲ. ಬೆಳಗಿನ ದರ್ಶಿನಿಯ ಇಡ್ಲಿ, ಸಂಜೆ ತಳ್ಳುಗಾಡಿಯ ಪಾನಿಪೂರಿ ಮತ್ತು ಗೋಬಿ ಮಂಚೂರಿ, ಭಾನುವಾರದ ಮಸಾಲೆದೋಸೆ ಎಲ್ಲವೂ ಅದರಲ್ಲಿ ಸೇರಿದ್ದುವು. ಹೋಟೆಲಿನಲ್ಲಿ ಕುಳಿತು ತಿನ್ನುವ ಭಾಗ್ಯ ಮರಳಿ ದೊರೆತದ್ದು ಜೂನ್ 8ರಂದು. ಅಲ್ಲಿಯವರೆಗೆ ಊರೆಲ್ಲ ಬಾಗಿಲು ಹಾಕಿತ್ತು. ನಾಲಗೆ ಮಾತ್ರ ಬೀಗಕ್ಕೆ ಒಪ್ಪಲಿಲ್ಲ.

ಕುಕ್ಕರಿನಲ್ಲಿ ಕೇಕು

ಓವನ್ನಿಲ್ಲದ ಮನೆಗಳಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವೆಯ್ಟುಗಳನ್ನು ತೆಗೆದಿಟ್ಟು, ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಬೇಯಿಸಿದರು. ಯೂಟ್ಯೂಬೇ ಪಾಕಶಾಸ್ತ್ರದ ಗುರುವಾಯಿತು. ಚಿರೋಟಿ ರವೆಯ ಪೂರಿ ಒಮ್ಮೆ ಉಬ್ಬಿತು, ಒಮ್ಮೆ ಹಪ್ಪಳವಾಯಿತು. ಏಪ್ರಿಲ್ ಬಿಸಿಲನ್ನು ವ್ಯರ್ಥಮಾಡಲಾರದ ಅಜ್ಜಿಯರು ಮಹಡಿಯ ಮೇಲೆ ಬಿಳಿಯ ಪಂಚೆ ಹಾಸಿ ಸಂಡಿಗೆ ಇಟ್ಟರು. ಮೊಮ್ಮಕ್ಕಳು ಕಾಗೆ ಕಾದರು.

ಅದು ದ್ರಾಕ್ಷಿಯ ಕಾಲ. ಚಿಕ್ಕಬಳ್ಳಾಪುರದ ಕಡೆಯ ತೋಟಗಳಲ್ಲಿ ಹಣ್ಣು ಮಾಗಿ ಕೊಳ್ಳುವವರಿಲ್ಲದೆ ನಿಂತಿತ್ತು. ಬೆಳೆಗಾರರು ನೇರವಾಗಿ ನಗರದ ಬಡಾವಣೆಗಳಿಗೆ ಹಣ್ಣು ತಂದು ಮಾರಿದಾಗ, ತಿನ್ನುವವನ ಮುಖವನ್ನು ಬೆಳೆದವನೂ, ಬೆಳೆದವನ ಮುಖವನ್ನು ತಿನ್ನುವವನೂ ಕಂಡಂತಾಯಿತು.

ಕಷಾಯಕ್ಕಂತೂ ರಾಜಮರ್ಯಾದೆ! ತುಳಸಿ, ದಾಲ್ಚಿನ್ನಿ, ಮೆಣಸು, ಒಣಶುಂಠಿಯ ಕಷಾಯವನ್ನೂ, 150 ಮಿಲಿಲೀಟರ್ ಬಿಸಿಹಾಲಿಗೆ ಅರ್ಧ ಚಮಚ ಅರಿಸಿನವನ್ನೂ ಆಯುಷ್ ಸಚಿವಾಲಯವೇ ಸೂಚಿಸಿತು. ಅಜ್ಜಿಯ ಡಬ್ಬಿಯಲ್ಲಿದ್ದುದಕ್ಕೆ ಸರಕಾರದ ಮೊಹರು ಬಿದ್ದಿತು.

2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೊಮ್ಮೆ ಮುಚ್ಚಿದಾಗ ದಿನಸಿ, ತರಕಾರಿ ಕೊಳ್ಳಲು ಬೆಳಗಿನ 6ರಿಂದ 10ರವರೆಗೆ ಮಾತ್ರ ಅವಕಾಶ. ಚೀಟಿ ಬರೆದು ಕೊಳ್ಳುವುದು, ಮಿಕ್ಕ ಅನ್ನವನ್ನು ಚಿತ್ರಾನ್ನಮಾಡಿ ಮುಗಿಸುವುದು ಮತ್ತೆ ಅಭ್ಯಾಸವಾದುವು.

ಬೆವರು ಯಾರದು?

ಇಷ್ಟೆಲ್ಲ ರುಚಿಯ ಹಿಂದೆ ದುಡಿದವರು ಯಾರು? ಮನೆಗೆಲಸದವರು ಬರುವಂತಿರಲಿಲ್ಲ. ಯಜಮಾನರ ಕಚೇರಿಯೂ ಮಕ್ಕಳ ಶಾಲೆಯೂ ಮನೆಯೊಳಗೇ ನಡೆದುವು. ತಿಂಡಿ, ಊಟ, ಮತ್ತೆ ತಿಂಡಿ. ಒಲೆಗೆ ಬಿಡುವಿಲ್ಲ, ಒಲೆಯ ಮುಂದೆ ನಿಂತವಳಿಗೂ ಇಲ್ಲ. ಸೌಟು ಹಿಡಿದ ಗಂಡಸರ ಭಾವಚಿತ್ರಗಳು ವಾಟ್ಸಾಪಿನಲ್ಲಿ ಓಡಾಡಿದುವು, ನಿಜ. ಬಾಣಲೆ ಉಜ್ಜುವವರ ಚಿತ್ರ ಅಷ್ಟಾಗಿ ಕಾಣಲಿಲ್ಲ. ಅತ್ತ ಮನೆಗೆಲಸದವರ ಸ್ವಂತ ಒಲೆಗಳ ಚಿಂತೆ ಬೇರೆಯೇ. ಸಂಬಳ ನಿಂತ ಕಡೆ ತಲೆಗೆ 5 ಕಿಲೋ ಉಚಿತ ಪಡಿತರವೇ ಆಸರೆಯಾಯಿತು.

ಆ ಉತ್ಸಾಹ ಉಳಿಯಿತೇ? ಇಡೀ ದೇಶದ ಸಮಯ ಬಳಕೆಯ ಸರಕಾರಿ ಸಮೀಕ್ಷೆ ಉತ್ತರ ಕೊಡುತ್ತದೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ದುಡಿಯುತ್ತಿದ್ದರು. ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದು 289, ಗಂಡಸರದು 88. ಅಂತಹ ಕೆಲಸಕ್ಕೆ ಕೈಹಾಕುವ ಗಂಡಸರಾದರೂ ನೂರಕ್ಕೆ 26 ಇದ್ದವರು 27 ಆದರು, ಅಷ್ಟೆ!

ಹೋಟೆಲುಗಳು ತೆರೆದಿವೆ, ಕುಕ್ಕರು ಮತ್ತೆ ಅನ್ನಕ್ಕೆ ಮರಳಿದೆ. ಕಲಿತ ತಿಂಡಿಗಳಲ್ಲಿ ಕೆಲವು ಮನೆಯಲ್ಲೇ ನೆಲೆಸಿವೆ, ಹಂಚಿಕೊಂಡ ದುಡಿಮೆ ಮಾತ್ರ ನೆಲೆಸಲಿಲ್ಲ. ಮುಂದಿನ ಯುಗಾದಿಗೆ ಹೋಳಿಗೆಯನ್ನು ಮನೆಯಲ್ಲೇ ಮಾಡುವ ಸಂಭ್ರಮವಿದ್ದರೆ ಒಳ್ಳೆಯದು. ಹೂರಣ ರುಬ್ಬಲು ಯಾರು, ಪಾತ್ರೆ ತೊಳೆಯಲು ಯಾರು ಎಂಬುದನ್ನು ಮನೆಮಂದಿ ಹಿಂದಿನ ದಿನವೇ ನಿಶ್ಚಯಿಸಿಕೊಂಡರೆ ಇನ್ನೂ ಒಳ್ಳೆಯದು.