ಪ್ಲಾನ್‌ನಲ್ಲಿ ಪಾರ್ಕಿಂಗ್, ನೆಲದ ಮೇಲೆ ಅಂಗಡಿ: ನಮ್ಮೂರಿನ ಗಾಡಿಗಳೆಲ್ಲ ರಸ್ತೆಗೆ ಬಂದಿದ್ದು ಹೇಗೆ?

ಇವತ್ತಿನ ಎಪಿಸೋಡ್ ನಮ್ಮ ಮನೆಯ ಒಂದು ಜಗಳದಿಂದ ಶುರುವಾಗುತ್ತೆ.

ಚಾಮರಾಜನಗರದಲ್ಲಿ ನಮ್ಮದೊಂದು ಸೈಟ್ ಇದೆ. ಮೂವತ್ತು ನಲವತ್ತು. ಕೆಳಗೆ ಎರಡು ಅಂಗಡಿ, ಮೇಲೆ ಮನೆ ಕಟ್ಟಬೇಕು ಅನ್ನೋದು ನಮ್ಮಪ್ಪನ ಬಹಳ ವರ್ಷದ ಆಸೆ. ಅಂಗಡಿಗೆ ಅವಕಾಶ ಇರೋ ರಸ್ತೆನೇ, ಅದರಲ್ಲಿ ತೊಂದರೆ ಇಲ್ಲ. ನಕ್ಷೆ ಬರೆಯೋಕೆ ಬಂದವರು ಲ್ಯಾಪ್‌ಟಾಪ್ ತೆಗೆದು ತೋರಿಸಿದ್ರು: ಕೆಳಗೆ ಒಂದು ಅಂಗಡಿ, ಪಕ್ಕದಲ್ಲಿ ಎರಡು ಕಾರಿನ ಜಾಗ. ಅಪ್ಪ ಕೇಳಿದ್ರು, “ಇನ್ನೊಂದು ಅಂಗಡಿ ಎಲ್ಲಿ ಸಾ?” ಅವರು ನಕ್ಕು ಹೇಳಿದ್ರು, “ಇದು ಪರ್ಮಿಶನ್‌ಗೆ ಮಾತ್ರ. ಲೈಸೆನ್ಸ್ ಬಂದ ಮೇಲೆ ಪಾರ್ಕಿಂಗ್ ಜಾಗಕ್ಕೆ ಒಂದು ಶಟರ್ ಹಾಕ್ಕೊಳ್ಳಿ. ಎಲ್ಲಾರೂ ಮಾಡೋದೇ.”

ನಾನು ಬೇಡ ಅಂದೆ. ಅಪ್ಪ ಒಂದೇ ಮಾತು ಕೇಳಿದ್ರು: “ನೀ ಒಬ್ಬ ನೆಟ್ಟಗಾದ್ರೆ ಊರು ನೆಟ್ಟಗಾಯ್ತದಾ ಮಗ?”

ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಹಾಗಾಗಿ ಓದೋಕೆ ಕೂತೆ. ಓದಿದ್ದನ್ನ ನಿಮಗೂ ಹೇಳ್ತೀನಿ.

ಆಫ್-ಸ್ಟ್ರೀಟ್ ಪಾರ್ಕಿಂಗ್ ಅಂದ್ರೆ ಏನು?

ಸರಳ ವಿಷಯ. ಗಾಡಿ ನಿಲ್ಲಿಸೋ ಜಾಗ ಬೀದಿಯಲ್ಲಿ ಇರಬಾರದು, ಕಟ್ಟಡದ ಒಳಗೆ ಅಥವಾ ಅದರ ಕಾಂಪೌಂಡ್ ಒಳಗೆ ಇರಬೇಕು. ಹೊಸದಾಗಿ ಕಟ್ಟೋರು ತಮ್ಮ ಕಟ್ಟಡಕ್ಕೆ ಬರೋ ಗಾಡಿಗಳಿಗೆ ತಾವೇ ಜಾಗ ಕೊಡಬೇಕು. ಆ ಭಾರ ರಸ್ತೆ ಮೇಲೆ, ಅಂದ್ರೆ ಊರಿನ ಮೇಲೆ, ಬೀಳಬಾರದು.

ಇದು ಎಲ್ಲಿಂದ ಬರುತ್ತೆ? ಮೇಲೆ ಎರಡು ಕಾನೂನಿವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ಹೇಳುತ್ತೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ ಕಟ್ಟೋ ಮುಂಚೆ ಲೈಸೆನ್ಸ್ ತಗೋಬೇಕು. ಇವುಗಳ ಕೆಳಗೆ ವಲಯ ನಿಯಮಗಳು, ಕಟ್ಟಡ ಉಪವಿಧಿಗಳು ಬರುತ್ತವೆ. ಪಾರ್ಕಿಂಗ್ ಲೆಕ್ಕ ಇರೋದು ಅಲ್ಲಿ. ಚಾಮರಾಜನಗರದಲ್ಲಿ ಲೈಸೆನ್ಸ್ ಕೊಡೋದು ನಗರಸಭೆ, ಗುಂಡ್ಲುಪೇಟೆಯಲ್ಲಿ ಪುರಸಭೆ. ಬಡಾವಣೆ, ಭೂಬಳಕೆ ವಿಷಯಕ್ಕೆ ಚಾಮರಾಜನಗರದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಇದೆ, ನಾವೆಲ್ಲ ಚುಡಾ ಅಂತೀವಲ್ಲ, ಅದೇ.

ಲೆಕ್ಕ ಹೇಗೆ ಹಾಕ್ತಾರೆ?

ಒಂದು ಉದಾಹರಣೆ ತಗೊಳ್ಳೋಣ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ನಿಯಮದಲ್ಲಿ ಅಂಗಡಿ, ಆಫೀಸುಗಳಿಗೆ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ. ಮಧ್ಯಮ ಅಳತೆಯ ಒಂದು ಮನೆಗೆ ಒಂದು ಕಾರು. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ, ಅಂದ್ರೆ 13.75 ಚದರ ಮೀಟರ್. ನಿಮ್ಮೂರಿನ ಪಟ್ಟಿಯಲ್ಲಿ ಅಂಕಿ ಬೇರೆ ಇರಬಹುದು, ಅದನ್ನ ನಗರಸಭೆಯಲ್ಲೇ ಕೇಳಿ. ಲೆಕ್ಕದ ದಾರಿ ಮಾತ್ರ ಇದೇ.

ಈಗ ನಮ್ಮ ಸೈಟಿಗೆ ಬನ್ನಿ. ಸುತ್ತ ಸೆಟ್‌ಬ್ಯಾಕ್ ಬಿಟ್ಟು ಕೆಳಗಡೆ 80 ಚದರ ಮೀಟರ್ ಸಿಗುತ್ತೆ ಅಂದ್ಕೊಳ್ಳಿ. ಪೂರ್ತಿ ಅಂಗಡಿ ಮಾಡಿದ್ರೆ ಅಂಗಡಿಗೆ ಎರಡು ಕಾರು, ಮೇಲಿನ ಮನೆಗೆ ಒಂದು. ಒಟ್ಟು 41 ಚದರ ಮೀಟರ್ ಪಾರ್ಕಿಂಗ್ ಬೇಕು. ಜಾಗವೇ ಇಲ್ಲ! ಅದೇ ಅಂಗಡಿಯನ್ನ 40 ಚದರ ಮೀಟರಿಗೆ ಇಳಿಸಿದ್ರೆ ಅಂಗಡಿಗೆ ಒಂದು, ಮನೆಗೆ ಒಂದು, ಒಟ್ಟು 27.5 ಚದರ ಮೀಟರ್ ಸಾಕು. ಉಳಿದದ್ದು ಮೆಟ್ಟಿಲಿಗೆ, ಓಡಾಟಕ್ಕೆ. ನಕ್ಷೆಯವರು ಒಂದೇ ಅಂಗಡಿ ತೋರಿಸಿದ್ದು ಅದಕ್ಕೇ. ಎರಡನೇ ಅಂಗಡಿ ಹೋದ್ರೆ ನಮಗೆ ತಿಂಗಳಿಗೆ ಆರು ಸಾವಿರ ಬಾಡಿಗೆ ಹೋಗುತ್ತೆ. ಬ್ಯಾಂಕಿನ ಕಂತು ಕಟ್ಟೋ ಮನೆಗೆ ಅದು ಸಣ್ಣ ದುಡ್ಡಲ್ಲ. ಅಪ್ಪನ ಸಿಟ್ಟು ನನಗೆ ಅರ್ಥವಾಗುತ್ತೆ.

ಹಾಗಾದ್ರೆ ಆ ಆರು ಸಾವಿರ ಯಾರು ಕೊಡ್ತಾರೆ?

ಶಟರ್ ಹಾಕಿ ಎರಡನೇ ಅಂಗಡಿ ಮಾಡಿದ್ವಿ ಅಂತಿಟ್ಟುಕೊಳ್ಳಿ. ಗಿರಾಕಿ ಹೆಚ್ಚಾದ್ರು, ಬೈಕ್ ಹೆಚ್ಚಾದ್ವು, ನಿಲ್ಲೋ ಜಾಗ ಹೋಯ್ತು. ಬೈಕ್ ಎಲ್ಲಿ ಹೋಗುತ್ತೆ? ಫುಟ್‌ಪಾತಿಗೆ. ಫುಟ್‌ಪಾತಲ್ಲಿ ನಡೆಯೋ ಅಜ್ಜಿ ರಸ್ತೆಗೆ ಇಳೀತಾರೆ. ಅಜ್ಜಿ ಇಳಿದ ರಸ್ತೆಯಲ್ಲಿ ಬಸ್ಸು, ಟಿಪ್ಪರ್. ನಮ್ಮ ಬಾಡಿಗೆಯನ್ನ ಕೊಡ್ತಿರೋದು ಆ ಅಜ್ಜಿ, ಸ್ಕೂಲಿಗೆ ಸೈಕಲ್ ತುಳಿಯೋ ಹುಡುಗಿ, ಹಿಂದೆ ಸಿಕ್ಕಿಹಾಕ್ಕೊಂಡಿರೋ ಆಂಬುಲೆನ್ಸ್.

ಇನ್ನೊಂದು ಗಮನಿಸಿ. ನೋ ಪಾರ್ಕಿಂಗ್ ಅಂತ ಪೊಲೀಸರು ದಂಡ ಹಾಕೋದು ಯಾರಿಗೆ? ಗಾಡಿ ನಿಲ್ಲಿಸಿದವನಿಗೆ. ಫುಟ್‌ಪಾತ್ ತೆರವು ಅಂದ್ರೆ ಮೊದಲು ಎದ್ದೇಳಬೇಕಾದೋರು ಯಾರು? ತಳ್ಳುಗಾಡಿಯವರು. ಪಾರ್ಕಿಂಗ್ ನುಂಗಿದ ಕಟ್ಟಡ ಮಾತ್ರ ಎರಡರಲ್ಲೂ ಕಾಣಿಸೋದಿಲ್ಲ. ಯಾಕಂದ್ರೆ ಅದನ್ನ ನೋಡಬೇಕಾದ್ದು ಟ್ರಾಫಿಕ್ ಪೊಲೀಸ್ ಅಲ್ಲ, ಲೈಸೆನ್ಸ್ ಕೊಟ್ಟ ಸ್ಥಳೀಯ ಸಂಸ್ಥೆ.

ಗುಂಡ್ಲುಪೇಟೆಯ ಕಥೆ ಬೇರೆ

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಊರು ನೋಡಿ. ಗುಂಡ್ಲುಪೇಟೆಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿ ಸೇರ್ತವೆ. 766 ಮೈಸೂರು ಕಡೆಯಿಂದ ಬಂದು ಸುಲ್ತಾನ್ ಬತ್ತೇರಿ, ಕೋಯಿಕ್ಕೋಡ್ ಕಡೆ ಹೋಗುತ್ತೆ. 181 ಗೂಡಲೂರು, ಊಟಿ ಕಡೆ. ಎರಡೂ ಬಂಡೀಪುರ ಕಾಡನ್ನ ದಾಟಬೇಕು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇದೆ. ಕಾಡಿಗೆ ಅದು ಬೇಕಾದ್ದೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಪರಿಣಾಮ ಏನು? ಗೇಟ್ ಮುಚ್ಚಿದ ಮೇಲೆ ಬಂದ ಲಾರಿ ಎಲ್ಲೋ ಒಂದು ಕಡೆ ಬೆಳಗಿನವರೆಗೆ ನಿಲ್ಲಲೇಬೇಕು. ಅದರ ಮೇಲೆ ವೀಕೆಂಡ್ ಕಾರುಗಳು, ಚೆಂಡು ಹೂ, ಸೂರ್ಯಕಾಂತಿ ಹೊಲದಲ್ಲಿ ಫೋಟೋ ತೆಗೆಸ್ಕೊಳ್ಳೋರು, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋರು.

ಇಂಥ ಊರಲ್ಲಿ ಹೆದ್ದಾರಿ ಪಕ್ಕ ಒಂದು ಹೊಸ ಲಾಡ್ಜೋ ಹೋಟೆಲೋ ಕಲ್ಯಾಣ ಮಂಟಪವೋ ಪಾರ್ಕಿಂಗ್ ಇಲ್ಲದೆ ಎದ್ರೆ, ಅದರ ಗಾಡಿಗಳು ಬಂದು ನಿಲ್ಲೋದು ಹೆದ್ದಾರಿ ಅಂಚಿಗೆ. ಕತ್ತಲಲ್ಲಿ, ಲಾರಿಗಳ ಪಕ್ಕ. ಇಲ್ಲಿ ಪಾರ್ಕಿಂಗ್ ಅನ್ನೋದು ಜೀವದ ಪ್ರಶ್ನೆ.

ನೆಲಮಾಳಿಗೆ ವಿಷಯವೂ ಅಷ್ಟೇ. 2024ರ ಜುಲೈನಲ್ಲಿ ದೆಹಲಿಯ ಹಳೇ ರಾಜಿಂದರ್ ನಗರದಲ್ಲಿ ಕೋಚಿಂಗ್ ಸೆಂಟರ್ ಒಂದರ ಬೇಸ್‌ಮೆಂಟಿಗೆ ಮಳೆನೀರು ನುಗ್ಗಿ ಮೂವರು ಐಎಎಸ್ ಆಕಾಂಕ್ಷಿಗಳು ಸತ್ತರು. ನಿಮಗೆ ನೆನಪಿರಬೇಕು. ಆ ಬೇಸ್‌ಮೆಂಟಲ್ಲಿ ಲೈಬ್ರರಿ ನಡೆಸೋಕೆ ಅನುಮತಿ ಇರಲಿಲ್ಲ. ಕಾಗದದಲ್ಲಿ ಒಂದು ಬಳಕೆ, ನೆಲದಲ್ಲಿ ಇನ್ನೊಂದು. ನಮ್ಮ ಶಟರ್ ಕಥೆಗೂ ಅದಕ್ಕೂ ವ್ಯತ್ಯಾಸ ಬರೀ ಆಳದ್ದು.

ಹಾಗಂತ ನಿಯಮವೇ ಪೂರ್ತಿ ಸರಿನಾ?

ಇಲ್ಲ. ಇದನ್ನೂ ಹೇಳಲೇಬೇಕು. ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ 2005ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದ್ರು. ಅವರ ವಾದ: ಪ್ರತಿ ಕಟ್ಟಡಕ್ಕೂ ಇಷ್ಟು ಪಾರ್ಕಿಂಗ್ ಕಡ್ಡಾಯ ಅಂದ್ರೆ, ಕಾರಿಲ್ಲದವರೂ ಕಾರಿನ ಜಾಗಕ್ಕೆ ದುಡ್ಡು ಕೊಟ್ಟಂತಾಗುತ್ತೆ, ಬಾಡಿಗೆ ಏರುತ್ತೆ, ಊರು ಚದುರಿಹೋಗುತ್ತೆ. ಅಲ್ಲಿನ ಬಫಲೊ ನಗರ 2017ರಲ್ಲಿ ಈ ಕಡ್ಡಾಯವನ್ನೇ ತೆಗೆದುಹಾಕ್ತು.

ಇದನ್ನ ನಮ್ಮೂರಿಗೆ ಹಚ್ಚಿ ನೋಡಿ. ಚಾಮರಾಜೇಶ್ವರ ದೇವಸ್ಥಾನ 1826ರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ್ದು. ಅದರ ಆಸುಪಾಸಿನ ಹಳೇ ಬೀದಿಗಳು ತೇರಿನ ಕಾಲದವು, ಕಾರಿನ ಕಾಲದವಲ್ಲ. ದೊಡ್ಡಂಗಡಿ ಬೀದಿಯಲ್ಲಿ ಹತ್ತು ಹನ್ನೆರಡು ಅಡಿ ಅಗಲದ ಅಂಗಡಿಯವನು ಹಳೇ ಗೋಡೆ ಕೆಡವಿ ಹೊಸದು ಕಟ್ಟಬೇಕು ಅಂದ್ರೆ, ಅವನಿಗೆ ಕಾರ್ ಪಾರ್ಕಿಂಗ್ ತೋರಿಸು ಅನ್ನೋದು ಬಾಗಿಲು ಮುಚ್ಚು ಅಂದ ಹಾಗೆ. ಅಂಥ ಬೀದಿಗೆ ಬೇಕಾಗಿರೋದು ಊರಿಗೆಲ್ಲ ಸೇರಿದ ಒಂದು ಪಾರ್ಕಿಂಗ್ ಜಾಗ, ಅಲ್ಲಿಂದ ನೆರಳಲ್ಲಿ ನಡೆದು ಬರೋ ದಾರಿ.

ಇನ್ನೊಂದು, ನಮ್ಮ ಲೆಕ್ಕ ಕಾರಿನದ್ದು, ನಮ್ಮ ಜನ ಬೈಕಿನವರು. ಒಂದು ಕಾರಿನ ಜಾಗದಲ್ಲಿ ಐದಾರು ಬೈಕ್ ಆರಾಮಾಗಿ ನಿಲ್ತವೆ. ಇದನ್ನ ಲೆಕ್ಕಕ್ಕೆ ತಗೊಂಡು ನಿಯಮ ಬರೆದ್ರೆ ಸಣ್ಣ ಸೈಟಿನವರಿಗೆ ಉಸಿರಾಡೋಕೆ ಜಾಗ ಸಿಗುತ್ತೆ.

ಆದ್ರೆ ನನ್ನ ತೀರ್ಮಾನ ಇಷ್ಟು. ನಿಯಮ ಹೆಚ್ಚಾಯ್ತು ಅನಿಸಿದ್ರೆ ಬದಲಾಯಿಸಿ ಅಂತ ಬಹಿರಂಗವಾಗಿ ಕೇಳೋಣ. ಕಾಗದದಲ್ಲಿ ಒಪ್ಪಿಕೊಂಡು ರಾತ್ರಿ ಶಟರ್ ಹಾಕೋದು ಬೇರೆ ವಿಷಯ. ಮೊದಲನೆಯದರಲ್ಲಿ ಎಲ್ಲರಿಗೂ ಲಾಭ. ಎರಡನೆಯದರಲ್ಲಿ ನಿಯಮ ಪಾಲಿಸಿದವನೇ ದಡ್ಡ.

ಆಮೇಲೆ ಸಕ್ರಮ ಮಾಡಿಸಿದ್ರಾಯ್ತಲ್ಲ?

ಅಪ್ಪ ಇದನ್ನೂ ಕೇಳಿದ್ರು. ಅಕ್ರಮ-ಸಕ್ರಮ ಯೋಜನೆಯಲ್ಲಿ ಮನೆಗೆ ಶೇ 50ರವರೆಗೆ, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗೆ ಉಲ್ಲಂಘನೆಯನ್ನ ದಂಡ ಕಟ್ಟಿಸಿ ಸಕ್ರಮ ಮಾಡೋ ಯೋಚನೆ ಇತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಅದನ್ನ ನಂಬಿ ಕಟ್ಟಿದವರು ಕಾಯ್ತಾ ಕೂರಬೇಕಾಯ್ತು.

2024ರ ಡಿಸೆಂಬರ್ 17ರಂದು ಅದೇ ಕೋರ್ಟ್ ಇನ್ನೂ ಬಿಗಿ ಮಾಡ್ತು. ಅನುಮೋದಿತ ನಕ್ಷೆ ಮೀರಿ ಕಟ್ಟಿದ್ದನ್ನ, ಎಷ್ಟೇ ವರ್ಷ ಆಗಿದ್ರೂ, ಎಷ್ಟೇ ದುಡ್ಡು ಸುರಿದಿದ್ರೂ, ಸರಿ ಅನ್ನೋಕಾಗಲ್ಲ ಅಂತು. ಕಟ್ಟಡ ನಕ್ಷೆಯಂತೆ ಮುಗಿದಿದೆ ಅನ್ನೋ ಪತ್ರ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನ ನೋಡಿಯೇ ಸಾಲ ಕೊಡಬೇಕು ಅಂತು. ಸಣ್ಣ ಮನೆಗಳ ವಿಷಯದಲ್ಲಿ ರಾಜ್ಯ ಸರ್ಕಾರ ಸಡಿಲಿಕೆ ಕಡೆ ಹೋಗಿದೆ. ಆದ್ರೆ ಅಂಗಡಿ, ಕಾಂಪ್ಲೆಕ್ಸ್ ಕಟ್ಟೋರು ‘ಯಾರು ನೋಡ್ತಾರೆ’ ಅಂತ ಕೂರೋ ಕಾಲ ಅಲ್ಲ ಇದು.

ನೀವೇನು ಮಾಡಬಹುದು?

ಮನೆಯಲ್ಲಿ ಕಟ್ಟೋ ಮಾತು ನಡೀತಿದ್ರೆ, ನಕ್ಷೆಯನ್ನ ನೀವೇ ಒಮ್ಮೆ ಓದಿ. ‘ಪಾರ್ಕಿಂಗ್’ ಅಂತ ಬರೆದ ಚೌಕದ ಅಳತೆ ನೋಡಿ. ಗಾಡಿ ಒಳಗೆ ಬರೋಕೆ, ತಿರುಗೋಕೆ ದಾರಿ ಇದೆಯಾ ನೋಡಿ. ಎಷ್ಟೋ ನಕ್ಷೆಯಲ್ಲಿ ಕಾರಿನ ಚಿತ್ರ ಇರುತ್ತೆ, ಅದು ಒಳಗೆ ಹೋಗೋ ದಾರಿಯಲ್ಲಿ ಕಂಬ ಇರುತ್ತೆ.

ಅಂಗಡಿ ಬಾಡಿಗೆಗೆ ಹಿಡಿಯೋರು ಅನುಮೋದಿತ ನಕ್ಷೆಯ ಪ್ರತಿ ಕೇಳಿ. ನೀವು ಅಡ್ವಾನ್ಸ್ ಕೊಡ್ತಿರೋ ಜಾಗ ನಕ್ಷೆಯಲ್ಲಿ ಪಾರ್ಕಿಂಗ್ ಆಗಿದ್ರೆ, ತೆರವು ಬಂದ ದಿನ ಬೀದಿಗೆ ಬೀಳೋದು ನಿಮ್ಮ ಸಾಮಾನು.

ಮೈಸೂರು, ಬೆಂಗಳೂರಲ್ಲಿ ಫ್ಲಾಟ್ ನೋಡ್ತಿರೋರಿಗೆ ಒಂದು ಮಾತು. ಕಂಬಗಳ ಕೆಳಗಿನ ಸ್ಟಿಲ್ಟ್ ಪಾರ್ಕಿಂಗನ್ನ ಬಿಲ್ಡರ್ ಬೇರೆ ಆಸ್ತಿ ಥರ ಮಾರೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ನಿಮ್ಮ ಬೀದಿಯಲ್ಲಿ ದೊಡ್ಡ ಕಟ್ಟಡವೊಂದರ ಗಾಡಿಗಳೆಲ್ಲ ರಸ್ತೆಯಲ್ಲಿದ್ರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಗರಸಭೆಗೋ ಪುರಸಭೆಗೋ ಒಂದು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಒಂದೇ ವಿಷಯ, 150 ಪದದ ಒಳಗೆ: ಈ ಕಟ್ಟಡಕ್ಕೆ ಎಷ್ಟು ಪಾರ್ಕಿಂಗ್ ತೋರಿಸಿ ಲೈಸೆನ್ಸ್ ಕೊಟ್ಟಿದ್ದೀರಿ? 30 ದಿನದೊಳಗೆ ಉತ್ತರ ಕೊಡಬೇಕು. ಪ್ರಶ್ನೆ ಗಾಡಿ ಬಿಟ್ಟು ಕಟ್ಟಡದ ಕಡೆ ತಿರುಗೋದು ಅಲ್ಲಿಂದ.

ಕೊನೆಗೆ ನಮ್ಮ ಮನೆಯ ಸುದ್ದಿ. ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. “ಇದೆಲ್ಲ ದಿಟ. ಆರು ಸಾವಿರ ಯಾರು ಕೊಟ್ಟರು?” ಅಂದ್ರು. ಮೂರು ಸಾವಿರ ತಿಂಗಳು ತಿಂಗಳು ನಾನು ಹಾಕ್ತೀನಿ ಅಂದೆ. ಅಮ್ಮ ಒಳಗಿಂದಲೇ, “ಪೆಟ್ರೋಲಿಗೇ ನನ್ನ ಹತ್ರ ಈಸ್ಕಂತೀಯ” ಅಂದ್ರು.

ಅಪ್ಪ ಏನೂ ಹೇಳಲಿಲ್ಲ. ಹಾಳೆ ಮಡಚಿ ಸೈಟಿನ ಪತ್ರದ ಜೊತೆ ಇಟ್ಟಿದ್ದಾರೆ. ಮುಂದಿನ ವಾರ ನಕ್ಷೆಗೆ ಸಹಿ ಹಾಕಬೇಕು. ಏನಾಯ್ತು ಅಂತ ನಿಮಗೆ ಹೇಳ್ತೀನಿ.

ಅಲ್ಲಿವರೆಗೆ ನಿಮ್ಮ ಬೀದಿಯ ಒಂದು ಕಟ್ಟಡ ನೋಡಿ. ಶಟರ್ ಎಷ್ಟಿವೆ, ಗಾಡಿ ನಿಲ್ಲೋ ಜಾಗ ಎಷ್ಟಿದೆ ಅಂತ ಎಣಿಸಿ ನಮಗೆ ಬರೆಯಿರಿ.