ಚಳಿಗಾಲದಲ್ಲಿ ಮಳೆಯೇಕೆ?

ಮಾರ್ಗಶಿರದ ಚಳಿ ಕಾಲಿಟ್ಟ ಮೇಲೂ ಆಕಾಶವು ತಿಳಿಯಾಗದೆ, ಕೊಡಗು, ಚಿಕ್ಕಮಗಳೂರುಗಳ ಕಣಗಳಲ್ಲಿ ಒಣಗುತ್ತಿರುವ ಕಾಫಿಯ ಮೇಲೆ ಅವಸರದಿಂದ ಟಾರ್ಪಾಲು ಎಳೆಯಬೇಕಾಗಿ ಬರುವುದೇಕೆ?

ಇದರ ಮೂಲವಿರುವುದು ಬಂಗಾಳ ಕೊಲ್ಲಿಯಲ್ಲಿ. ಈಶಾನ್ಯದಿಂದ ಬೀಸುವ ಹಿಂಗಾರಿನ ಗಾಳಿಯು ಇನ್ನೂ ಬೆಚ್ಚಗಿರುವ ಆ ಸಾಗರವನ್ನು ಹಾಯ್ದು ಆರ್ದ್ರತೆಯನ್ನು ಹೊತ್ತು ತರುವಾಗ, ಅಲ್ಲಿ ವಾಯುಭಾರ ಕುಸಿತವೊಂದು ಹುಟ್ಟಿ ಪಶ್ಚಿಮಕ್ಕೆ ಸರಿದರೆ, ತಮಿಳುನಾಡನ್ನು ತೋಯಿಸಿದ ಮೋಡಗಳೇ ನಮ್ಮ ದಕ್ಷಿಣದ ಜಿಲ್ಲೆಗಳನ್ನೂ ಆವರಿಸುತ್ತವೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ಡಿಸೆಂಬರಿನ ಮೊದಲ ದಿನಗಳಲ್ಲಿ ಮೈಸೂರು ಸೀಮೆಯವರೆಗೂ ಮಳೆ ಸುರಿಸಿದ್ದು ಹೀಗೆಯೇ. ಮೋಡವು ನೆಲದ ಶಾಖವನ್ನು ಕಂಬಳಿಯಂತೆ ತಡೆಹಿಡಿಯುವುದರಿಂದ ಅಂಥ ಇರುಳುಗಳು ಬೆಚ್ಚಗಿರುತ್ತವೆ. ಮೋಡ ಚದುರಿದೊಡನೆ ಚಳಿ ಮರುಕಳಿಸುತ್ತದೆ.

ಇನ್ನು ಮುಂದಿನ ವಾರಗಳ ಮಾತು. ಜನವರಿಯಲ್ಲಿ ಹಿಂಗಾರು ಹಿಂದೆಗೆದಂತೆ ಆಕಾಶ ತಿಳಿಯಾಗಿ, ಬೀದರ, ವಿಜಯಪುರಗಳ ಕಡೆ ಚಳಿ ಬಿಗಿಯುವುದು ವಾಡಿಕೆ. ಭಾರತ ಹವಾಮಾನ ಇಲಾಖೆಯು ಪ್ರತಿ ಗುರುವಾರ ನಾಲ್ಕು ವಾರಗಳ ಮುನ್ನೋಟವನ್ನು ಪ್ರಕಟಿಸುತ್ತದೆ. ಅದು ಹವೆಯ ಒಲವನ್ನು ತಿಳಿಸಬಲ್ಲುದೇ ಹೊರತು ಇಂಥದೇ ದಿನ ಮಳೆಯೆಂದು ಹೇಳಲಾರದು. ಆದುದರಿಂದ ಕೊಯ್ಲಿನ ವಾರವನ್ನು ಆ ಮುನ್ನೋಟದಿಂದ ಆರಿಸಿಕೊಳ್ಳಿರಿ. ರಾಗಿಯನ್ನು ಕಣಕ್ಕೆ ತರುವ, ಕಾಫಿಯನ್ನು ಬಿಸಿಲಿಗೆ ಹರವುವ ದಿನವನ್ನು ಮಾತ್ರ ಅಂದಂದಿನ ಮುನ್ಸೂಚನೆಯನ್ನು ನೋಡಿಯೇ ನಿಶ್ಚಯಿಸಿರಿ.